ಮಾವ ತೆರೆಸಿದ ಕಣ್ಣು

ಫೋಟೋ ಸ್ಟುಡಿಯೋ ಇಟ್ಟುಕೊಂಡವನ ಹತ್ತಿರ ಜನ ಏನೇನು ತರುತ್ತಾರೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಇಲಿ ಕಡಿದ ಮದುವೆ ಆಲ್ಬಮ್ಮು, ಗೆದ್ದಲು ತಿಂದ ಅಜ್ಜ, ಅರ್ಧ ಹರಿದ ಗ್ರೂಪ್ ಫೋಟೋ. ‘ಇದರಾಗ ನಮ್ಮಪ್ಪನ್ನ ಅಷ್ಟ ತಗದು ಕೋಟು ಹಾಕ್ರಿ’ ಎನ್ನುವವರಿಗೆ ಸಿಂದಗಿಯಲ್ಲಿ ಬರವಿಲ್ಲ. ಬದುಕಿದ್ದಾಗ ಧೋತರ ಬಿಟ್ಟು ಬೇರೇನೂ ಉಡದ ಎಷ್ಟೋ ಹಿರಿಯರಿಗೆ ಸತ್ತ ಮೇಲೆ ನಾನು ಕೋಟು ತೊಡಿಸಿದ್ದೇನೆ. ಅಂಥ ನನಗೂ ಒಬ್ಬ ಅಕ್ಕೋರು ತಂದದ್ದು ಹೊಸದಾಗಿತ್ತು.

ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ನಾಲತವಾಡದವರು, ಆಗಷ್ಟೇ ನಿವೃತ್ತಿಯಾಗಿದ್ದರು. ಎರಡು ಬಸ್ಸು ಬದಲಿಸಿ ಬಂದು, ಕೂತು, ನೀರು ಕುಡಿದು, ಚೀಲದಿಂದ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಗಾಜಿಲ್ಲದ ಒಂದು ಕಟ್ಟಿಗೆಯ ಚೌಕಟ್ಟು. ಒಳಗೆ ಕೂತಿರುವ ಹೆಣ್ಣುಮಗಳ ಕಪ್ಪು-ಬಿಳುಪು ಫೋಟೋ. ಸೆರಗಿನ ಅಂಚು ಕಾಣುತ್ತಿತ್ತು, ಒಂದು ಕಿವಿಯ ಬೆಂಡೋಲೆ ಕಾಣುತ್ತಿತ್ತು, ಮಡಿಲಲ್ಲಿ ಒಂದರ ಮೇಲೊಂದಿಟ್ಟ ಎರಡು ಕೈ ಕಾಣುತ್ತಿದ್ದವು. ಮುಖ ಮಾತ್ರ ಇರಲಿಲ್ಲ. ಹಣೆಯಿಂದ ಗದ್ದದವರೆಗೆ ಕುಂಕುಮ ಹೆಪ್ಪುಗಟ್ಟಿ ಕೂತಿತ್ತು.

“ನಮ್ಮವ್ವರಿ,” ಎಂದರು ಅಕ್ಕೋರು. “ನನ್ನ ಹಡದು ಬಾಣಂತನದಾಗ ತೀರಿಕೊಂಡಾಳ. ನಾ ಆಕೀ ಮುಖ ನೋಡಿಲ್ಲ. ಇದೊಂದು ಬಿಟ್ರ ಬ್ಯಾರೆ ಫೋಟೋ ಇಲ್ಲ.”

“ಇಷ್ಟ ಕುಂಕುಮ ಯಾರು ಹಚ್ಚಿದ್ರಿ ಅಕ್ಕೋರ?”

“ನಮ್ಮ ಅತ್ತಿ. ನಮ್ಮಪ್ಪನ ತಂಗಿ. ಮದಿವಿ ಮಾಡ್ಕೊಳ್ದ ನನ್ನ ಜ್ವಾಕಿ ಮಾಡಿದಾಕಿ. ಅಮಾಸಿ ಹುಣ್ಣಿಮಿ ಒಂದು ಬಿಟ್ಟಿಲ್ಲ ನೋಡ್ರಿ, ದೇವರಿಗೆ ಹಚ್ಚಿ ಅದಕ್ಕೂ ಹಚ್ತಾಳ. ಮದ್ಲ ಗಾಜು ಇತ್ತಂತ, ಬೆಕ್ಕು ಕೆಡವಿ ಒಡೀತಂತ. ನನಗ ತಿಳುವಳಿಕಿ ಬರೂದ್ರಾಗ ಮುಖ ಹಿಂಗಾಗಿತ್ತು.”

ಮುದ್ದೇಬಿಹಾಳದ ಒಬ್ಬ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಒಂದು ಮುಖ ಹುಟ್ಟಿಸಿ ಕೊಟ್ಟಿದ್ದನಂತೆ. ಅದನ್ನೂ ತೋರಿಸಿದರು. ಸಿನಿಮಾ ನಾಯಕಿಯ ಹಾಗಿದ್ದಳು, ಗಲ್ಲದ ಮೇಲೆ ಒಂದು ಗೆರೆಯಿಲ್ಲ. “ಇದಕ್ಕ ಅವ್ವಾ ಅಂತ ಹೆಂಗ ಅನ್ನಲಿ ಅಣ್ಣಾರ? ನನಗ ಖರೇ ಮುಖ ಬೇಕು. ನಮ್ಮ ಅತ್ತಿ ಒಬ್ಬಾಕೀನ ಉಳದಾಳ ಆಕೀನ್ನ ನೋಡಿದವರೊಳಗ. ಈ ಮಳಿಗಾಲ ದಾಟ್ತಾಳೋ ಇಲ್ಲೋ ಗೊತ್ತಿಲ್ಲ. ಆಕಿ ಇರೂದ್ರಾಗ ಮುಖ ಸಿಕ್ರ, ಹೌದು ಇಕೀನ ನಿಮ್ಮವ್ವ ಅಂತ ಹೇಳವರು ಒಬ್ಬರರ ಇರ್ತಾರ.”

ಇಲ್ಲ, ನನ್ನ ಕೈಲಾಗುವುದಿಲ್ಲ ಎನ್ನಲು ಬಾಯಿ ತೆರೆದವನು ಸುಮ್ಮನೆ ಚೌಕಟ್ಟನ್ನು ತಿರುವಿ ನೋಡಿದೆ. ಹಿಂದಿನ ರಟ್ಟಿನ ಮೇಲೆ ಮಾಸಿದ ನೀಲಿ ಮುದ್ರೆ. ಬಸವನ ಬಾಗೇವಾಡಿಯ ನಮ್ಮ ಮಾವನ ಸ್ಟುಡಿಯೋದ್ದು. ಅಕ್ಕೋರು ಅದನ್ನೇ ಹಿಡಿದು ಬಾಗೇವಾಡಿಗೆ ಹೋಗಿ, ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತೆಂದೂ ಅವನ ಸೋದರಳಿಯ ಸಿಂದಗಿಯಲ್ಲಿದ್ದಾನೆಂದೂ ತಿಳಿದು ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಮಾವ ಎಂದರೆ ನನ್ನ ಅವ್ವನ ಅಣ್ಣ. ಪಿಯುಸಿ ನಪಾಸಾಗಿ ಮನೆಯಲ್ಲಿ ಬೈಸಿಕೊಳ್ಳುತ್ತ ಕೂತಿದ್ದ ನನ್ನನ್ನು ಕರೆದೊಯ್ದು ಕೆಲಸ ಕಲಿಸಿದವನು. ಆ ಅಂಗಡಿಯ ವಾಸನೆ ಇವತ್ತಿಗೂ ಮೂಗಿನಲ್ಲಿದೆ: ಫೋಟೋ ತೊಳೆಯುವ ಹೈಪೋ, ಅವನ ಎಲೆ ಅಡಿಕೆ, ಮಳೆಗೆ ನೆನೆದ ಬಣ್ಣದ ಪರದೆ. ಆ ಪರದೆಯ ಮೇಲೆ ಒಂದು ಮಹಡಿ ಮೆಟ್ಟಿಲು ಬರೆದಿತ್ತು. ಇಡೀ ತಾಲೂಕಿನ ಹೊಸ ಗಂಡಹೆಂಡಿರು ಎಲ್ಲಿಗೂ ಹತ್ತದ ಆ ಮೆಟ್ಟಿಲ ಮುಂದೆ ನಿಂತು ಹೋಗಿದ್ದಾರೆ.

ಮಾವ ಹೆಸರಾಗಿದ್ದದ್ದು ಬೇರೆ ಕೆಲಸಕ್ಕೆ. ಆಗ ಬದುಕಿದ್ದವರ ಫೋಟೋ ತೆಗೆಸುವ ರೂಢಿ ಕಡಿಮೆ. ಯಾರಾದರೂ ತೀರಿಕೊಂಡು, ಅಯ್ಯೋ ಒಂದೂ ಫೋಟೋ ಇಲ್ಲವಲ್ಲ ಎಂದು ನೆನಪಾದಾಗ ಮಾವನಿಗೆ ಕರೆ ಬರುತ್ತಿತ್ತು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ, ಹೊಸ ಬಟ್ಟೆ ಉಡಿಸಿ, ಹೂ ಮುಡಿಸುವ ಪದ್ಧತಿ. ಕತ್ತು ವಾಲದಂತೆ ಹಿಂದಿನಿಂದ ಒಂದು ಪಟ್ಟಿ ಕಟ್ಟುತ್ತಾರೆ. ಮಾವ ಹೋಗಿ ಫೋಟೋ ಹೊಡೆದು ತಂದು, ತೊಳೆದು, ಕಿಟಕಿಯ ಪಕ್ಕದ ಮೇಜಿಗೆ ಕೂತು, ಅಳಿಲಿನ ಕೂದಲಿನ ಸಣ್ಣ ಬ್ರಷ್ಷಿನಿಂದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದ. ಅದಕ್ಕೆ ‘ಕಣ್ಣು ತೆರೆಸೋದು’ ಎನ್ನುತ್ತಿದ್ದರು. ಕೊನೆಗೆ ಎರಡೂ ಪಾಪೆಗಳಲ್ಲಿ ದಪ್ಪ ಬಿಳಿಯ ಒಂದೊಂದು ಚುಕ್ಕೆ ಇಟ್ಟನೆಂದರೆ ಸತ್ತವರು ಎದ್ದು ಕೂತು ನೋಡುತ್ತಿದ್ದರು. ಮನೆಯವರು ಅದನ್ನು ಎದೆಗವಚಿಕೊಂಡು ಅಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಮಾವನದು ಒಂದೇ ಕರಾರು. “ಕಣ್ಣ ತೆರಸಿದ್ದು ಅಂತ ಮಕ್ಕಳಿಗೆ ಹೇಳಬ್ಯಾಡ. ಅವರು ನೋಡೂದು ಫೋಟೋ ಅಲ್ಲ, ತಾಯಿ-ತಂದೀನ್ನ.” ಇನ್ನೊಂದು ಗುಟ್ಟು ಅವನು ಹೇಳಲಿಲ್ಲ, ನನಗೇ ತಿಳಿಯಿತು. ಅವನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಜೋಡಿ ಕಣ್ಣು. ಕೊನೆಗೆ ತುಸು ಮೇಲಕ್ಕೆಳೆದಂಥ, ಅಗಲವಾದ, ನಗುವುದಕ್ಕೆ ಸಿದ್ಧವಿದ್ದಂಥ ಕಣ್ಣು. ಅವು ನನ್ನ ಅವ್ವನವು. ಸಣ್ಣವನಿದ್ದಾಗ ತಂಗಿಯನ್ನು ಎದುರಿಗೆ ಕೂರಿಸಿಕೊಂಡೇ ಅವನು ಕೈ ಪಳಗಿಸಿಕೊಂಡಿದ್ದು. ಬಾಗೇವಾಡಿ ಸುತ್ತಿನ ಯಾವ ಮನೆಗೆ ಹೋದರೂ ಗೋಡೆಯ ಮೇಲಿಂದ ಅವ್ವ ನನ್ನನ್ನು ನೋಡುತ್ತಿದ್ದಳು. ಅವ್ವ ಹೋದ ಮೇಲೆ ಆ ಗೋಡೆಗಳೇ ನನಗೆ ತವರಾಗಿದ್ದವು.

ಅಕ್ಕೋರ ಫೋಟೋದಲ್ಲಿ ಕತ್ತಿನ ಹಿಂದೆ ಪಟ್ಟಿಯ ತುದಿ ಇಣುಕುತ್ತಿತ್ತು. ಕೈಗಳನ್ನು ಯಾರೋ ಜೋಡಿಸಿ ಇಟ್ಟಿದ್ದರು. ಈ ಫೋಟೋ ತೆಗೆದಾಗ ಆಕೆ ಉಸಿರಾಡುತ್ತಿರಲಿಲ್ಲ ಎಂದು ನನಗೆ ಗೊತ್ತಾಯಿತು, ಅಕ್ಕೋರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬಿಟ್ಟು ಹೋಗಿರಿ, ನೋಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಅತ್ತೆಗೆ ತಿಳಿಯದಂತೆ ತಂದಿದ್ದರಂತೆ. ದೀಪ ಹಚ್ಚುವುದರೊಳಗೆ ಜಗಲಿಯ ಮೇಲೆ ಇಡದಿದ್ದರೆ ರಂಪ ಆಗುತ್ತಿತ್ತು. ಅವರ ನಂಬರು ಬರೆದುಕೊಂಡು ಕಳಿಸಿದೆ. ಆಮೇಲೆ ಗೊತ್ತಾಯಿತು, ರಂಪ ಆಗಿಯೇ ಇತ್ತು. ‘ಫೋಟೋದವರ ಹಂತ್ಯಾಕ ಒಯ್ದಿ’ ಎಂದು ಮುದುಕಿ ಊಟ ಬಿಟ್ಟು ಕೂತಿದ್ದಳಂತೆ.

ದಾರಿ ಸಿಕ್ಕಿದ್ದು ಒಂದು ಕೊಡದ ದೆಸೆಯಿಂದ. ಅಂಗಡಿ ಮುಂದಿನ ನೀರಿನ ಕೊಡ ಕಾಣೆಯಾಗಿತ್ತು. ಬೆಳಿಗ್ಗೆ ಸಿಸಿಟಿವಿ ಹಾಕಿ ನೋಡಿದರೆ ಬಿಳಿ ಅಂಗಿಯವನೊಬ್ಬ ಒಯ್ಯುತ್ತಿದ್ದಾನೆ. ಬಿಳಿ ಅಂಗಿಯವರನ್ನೆಲ್ಲ ಗುಮಾನಿಯಿಂದ ನೋಡುತ್ತ ಅರ್ಧ ದಿನ ಕಳೆದೆ. ಮಧ್ಯಾಹ್ನ ಪಕ್ಕದ ಚಾದಂಗಡಿಯವನು ಕೊಡ ತಂದಿಟ್ಟು, “ನಿನ್ನೆ ರಾತ್ರಿ ನೀರು ಬಂದಿತ್ತು, ಒಯ್ದಿದ್ದೆ” ಎಂದ. ಅವನು ಹಾಕುವುದು ಕರಿ ಅಂಗಿ. ಕರಿ ಅಂಗಿ ಕ್ಯಾಮೆರಾದಲ್ಲಿ ಬೆಳ್ಳಗಾಗಿದ್ದು ಹೇಗೆ ಎಂದು ನನಗೆ ತಲೆ ಕೊರೆಯತೊಡಗಿತು. ಆ ಸಿಸಿಟಿವಿ ಕೂರಿಸಿದವನು ಇಂಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋಗಿ ಕೇಳಿದೆ.

“ಕಾಕಾ, ಕತ್ತಲಾತಂದ್ರ ಅದು ತನ್ನ ಕಣ್ಣಿನ ಮುಂದಿನ ಒಂದು ಗಾಜು ಸರಿಸ್ತೈತಿ,” ಎಂದ ಅವನು, ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತದೆ. “ಆಮ್ಯಾಲೆ ಅವಕೆಂಪು ಬೆಳಕಿನಾಗ ನೋಡ್ತೈತಿ, ಇನ್ಫ್ರಾರೆಡ್ ಅಂತಾರಲ್ಲ ಅದು. ನಮ್ಮ ಕಣ್ಣಿಗೆ ಆ ಬೆಳಕು ಕಾಣಂಗಿಲ್ಲ. ಆ ಬೆಳಕಿಗೆ ಅಂಗೀ ಬಣ್ಣ ಕಾಣಂಗಿಲ್ಲ, ಬರೇ ಅರಿಬಿ ಕಾಣ್ತೈತಿ. ನಿಮ್ಮ ದೊಡ್ಡ ಕ್ಯಾಮೆರಾದಾಗೂ ಚಿತ್ರ ಹಿಡಿಯೋ ಸೆನ್ಸರ್ ಮುಂದ ಅಂಥಾದ್ದ ಗಾಜು ಐತಿ. ಕಿತ್ತು ಒಗದ್ರ ಅದೂ ಹಂಗ ನೋಡ್ತೈತಿ.”

ಬರುವಾಗ ಬಸ್ಸಿನಲ್ಲಿ ಅದೇ ಮಾತು ಕಾಡಿತು. ಬಣ್ಣ ಕಾಣುವುದಿಲ್ಲ, ಅರಿವೆ ಕಾಣುತ್ತದೆ. ಕುಂಕುಮವೂ ಬಣ್ಣವೇ. ಅದರ ಕೆಳಗಿರುವುದು ಬೆಳ್ಳಿ. ಹಳೆಯ ಫೋಟೋದಲ್ಲಿ ಕಪ್ಪಾಗಿ ಕಾಣುವುದೆಲ್ಲ ಬೆಳ್ಳಿಯ ಕಣ, ಅದು ಯಾವ ಬೆಳಕಿಗೂ ಬಗ್ಗುವುದಿಲ್ಲ ಎಂದು ಮಾವನೇ ಹೇಳುತ್ತಿದ್ದ.

ನನ್ನ ಹತ್ತಿರ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇತ್ತು. ರೀಲು ಬಿಟ್ಟು ಕಾರ್ಡಿಗೆ ಬಂದಾಗ ಕೊಂಡ ಮೊದಲನೆಯದು. ಮದುವೆಗಳಲ್ಲಿ ಅದರ ಮೇಲೆ ಎಷ್ಟು ಅಕ್ಕಿಕಾಳು ಬಿದ್ದಿವೆಯೋ ಲೆಕ್ಕವಿಲ್ಲ. ಈಗ ಕಪಾಟಿನಲ್ಲಿದ್ದು ಖಂಡೇನವಮಿಗೊಮ್ಮೆ ಪೂಜೆ ಮಾಡಿಸಿಕೊಳ್ಳುತ್ತಿತ್ತು. ಅದನ್ನೇ ಮೇಜಿಗೆ ತಂದೆ. ಹೆಂಡತಿಯ ಪಡ್ಡಿನ ಹಂಚನ್ನು ಕೇಳದೆ ಎತ್ತಿಕೊಂಡೆ. ಒಂದೊಂದು ಹಂತದ ಸ್ಕ್ರೂ ಒಂದೊಂದು ಗುಳಿಯಲ್ಲಿ, ಅದಲು ಬದಲಾಗುವ ಮಾತೇ ಇಲ್ಲ.

‘ಫ್ಲ್ಯಾಶಿನ ಕೆಪ್ಯಾಸಿಟರ್ ಕರೆಂಟ್ ಹಿಡದಿಟ್ಟಿರ್ತೈತಿ, ಮದ್ಲ ಖಾಲಿ ಮಾಡ್ರಿ ಕಾಕಾ’ ಎಂದು ರಿಪೇರಿಯವನು ಫೋನಿನಲ್ಲಿ ಹೇಳಿದ್ದ. ಬ್ಯಾಟರಿ ತೆಗೆದಿದ್ದೇನಲ್ಲ, ಇನ್ನೇನು ಎಂದುಕೊಂಡೆ. ಮೇಲಿನ ಮುಚ್ಚಳ ಎತ್ತಿ ಬೆರಳು ಹಾಕಿದ್ದೇ ತಡ, ಮೊಣಕೈವರೆಗೆ ಛಳಕ್ಕೆಂದಿತು. ಕುರ್ಚಿಯಿಂದ ನಾನೇ ಎದ್ದೆನೋ ಅದೇ ಎಬ್ಬಿಸಿತೋ. ಒಂದು ಸಣ್ಣ ಬಲ್ಬಿನ ಎರಡು ತಂತಿ ಮುಟ್ಟಿಸಿ, ಅದು ಪಕ್ಕನೆ ಹತ್ತಿ ಆರಿದ ಮೇಲೆ ಮತ್ತೆ ಕೈ ಹಚ್ಚಿದೆ. ಹಿಂದಿನ ಮುಚ್ಚಳ, ಎಲೆಯಷ್ಟು ತೆಳು ಪಟ್ಟಿ ತಂತಿಗಳು, ಮುಖ್ಯ ಬೋರ್ಡು. ಅದರ ಕೆಳಗೆ ಸೆನ್ಸರ್. ಸೆನ್ಸರಿನ ಮುಂದೆ, ನೀರಿನಲ್ಲಿ ಒಂದು ಹನಿ ನೀಲಿ ಹಾಕಿದಂಥ ಬಣ್ಣದ ಗಾಜು. ಇಷ್ಟು ವರ್ಷ ಅವಕೆಂಪು ಬೆಳಕನ್ನು ಬಾಗಿಲಲ್ಲೇ ತಡೆದ ಕಾವಲುಗಾರ ಅದೇ. ಅದನ್ನು ಮೆಲ್ಲನೆ ಎಬ್ಬಿಸಿ ತೆಗೆದೆ.

ಬರೀ ತೆಗೆದರೆ ಆಗುವುದಿಲ್ಲ. ಗಾಜಿನ ದಪ್ಪ ಹೋದರೆ ಫೋಕಸ್ ಜಾರುತ್ತದೆ, ಅದರ ಜಾಗಕ್ಕೆ ಅಷ್ಟೇ ದಪ್ಪದ ತಿಳಿ ಗಾಜು ಕೂರಬೇಕು. ಫೋಟೋ ಕಟ್ಟಿನ ಗಾಜು ಅಂಚಿನಲ್ಲಿ ಹಸಿರು ಹೊಡೆಯುತ್ತದೆ, ಅದು ಈ ಬೆಳಕನ್ನು ಕುಡಿಯುತ್ತದಂತೆ. ಕಾಲೇಜಿನ ಲ್ಯಾಬಿನಲ್ಲಿರುವ ಗೆಳೆಯನೊಬ್ಬ ಸೂಕ್ಷ್ಮದರ್ಶಕಕ್ಕೆ ಇಡುವ ಗಾಜಿನ ಪಟ್ಟಿಗಳನ್ನು ಕೊಟ್ಟ. ಚೌಕಟ್ಟಿನ ಗಾಜು ಕೊಯ್ಯುವ ಕಟರಿನಿಂದಲೇ ಕೊಯ್ದೆ. ಕೊಯ್ದೆ ಎನ್ನುವುದಕ್ಕಿಂತ ಒಡೆದೆ ಎನ್ನುವುದೇ ಸರಿ. ಡಬ್ಬಿ ಮುಗಿಯುತ್ತ ಬಂದಾಗ ಒಂದು ನೆಟ್ಟಗೆ ಬಂತು.

ಎಲ್ಲ ಜೋಡಿಸಿ ಬೀದಿಯ ಫೋಟೋ ತೆಗೆದೆ. ಊರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅದು ಹಾಗೇ ಬರಬೇಕು. ಆದರೆ ಪ್ರತಿ ಫೋಟೋದ ಅದೇ ಮೂಲೆಯಲ್ಲಿ ಕೆಂಪು ಚುಕ್ಕೆಗಳ ಗುಂಪು. ಸೆನ್ಸರೇ ಹಾಳಾಯಿತೆಂದುಕೊಂಡೆ. ಮತ್ತೆ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದರೆ ಕುಂಕುಮ. ವರ್ಷವರ್ಷವೂ ಖಂಡೇನವಮಿಗೆ ಹಚ್ಚಿದ್ದು ಸ್ಕ್ರೂ ಗುಳಿಗಳಲ್ಲಿ, ಸಂದುಗೊಂದುಗಳಲ್ಲಿ ಕೂತಿತ್ತು. ನಾನು ಬಿಚ್ಚಿದಾಗ ಉದುರಿ ಸೆನ್ಸರಿನ ಮೇಲೆ ಬಿದ್ದಿತ್ತು. ಬೇರೆ ಊರಿನ ಕ್ಯಾಮೆರಾಗಳಿಗೆ ಧೂಳಿನ ಕಾಟ, ನಮ್ಮವಕ್ಕೆ ಭಕ್ತಿಯ ಕಾಟ. ಬಾಯಿಂದ ಊದದೆ, ರಬ್ಬರಿನ ಬುರುಡೆಯಿಂದ ಗಾಳಿ ಹಾಕಿ ಒಂದೊಂದು ಕಣವನ್ನೂ ಹೊರಗೆ ಹಾಕಿದೆ.

ಇನ್ನು ಬೇಕಾದದ್ದು ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ತಡೆದು ಅವಕೆಂಪನ್ನು ಮಾತ್ರ ಬಿಡುವ ಕಪ್ಪು ಫಿಲ್ಟರು. ಕೊರಿಯರಿನಲ್ಲಿ ಬರುವವರೆಗೆ ತಡೆಯಲಾಗಲಿಲ್ಲ. ಅಟ್ಟದ ಮೇಲೆ ಹಳೆಯ ಬಣ್ಣದ ರೀಲುಗಳ ತುದಿಗಳ ಡಬ್ಬಿ ಇತ್ತು. ಬೆಳಕು ಬಿದ್ದು ಕಪ್ಪಾದ, ಕತ್ತರಿಸಿ ಎಸೆಯಬೇಕಾದ ತುದಿ, ಯಾಕೆ ಎತ್ತಿಟ್ಟಿದ್ದೆನೋ. ಡಬ್ಬಿ ತೆರೆದಾಗ ಬಂದ ವಾಸನೆಗೆ ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ. ಒಂದು ತುಂಡನ್ನು ಲೆನ್ಸಿಗೆ ಕಟ್ಟಿ ಅಂಗಡಿ ಮುಂದಿನ ಬೇವಿನ ಮರಕ್ಕೆ ಹಿಡಿದೆ. ಮರ ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ, ಆಕಾಶ ಕಪ್ಪಗೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಈ ವಯಸ್ಸಿನಲ್ಲಿ ಹೊಸದೊಂದು ನೋಡಿದೆನಲ್ಲ ಎಂದು.

ಊಟ ತಂದ ಹೆಂಡತಿಯನ್ನೂ ಬಿಸಿಲಲ್ಲಿ ನಿಲ್ಲಿಸಿ ಒಂದು ತೆಗೆದೆ. ಆಕೆ ಪರದೆ ನೋಡಿದವಳೇ ಕೈಯಿಂದ ಹಣೆ ಮುಟ್ಟಿ ನೋಡಿಕೊಂಡಳು.

“ನನ್ನ ಕುಂಕುಮ ಎಲ್ಲಿ ಹೋತ್ರಿ?”

ನಾನೂ ನೋಡಿದೆ. ದುಡ್ಡಿನಗಲದ ಕುಂಕುಮ ಇಟ್ಟವಳ ಹಣೆ ಬೋಳಾಗಿತ್ತು.

“ನೀವು ಗುಂಡಕಲ್ಲಿನಂಗ ನನ್ನ ಮುಂದ ನಿಂತೀರಿ. ಮಂದಿ ಈ ಫೋಟೋ ನೋಡಿದ್ರ ಏನಂತಾರ? ಮಿಷನ್ನಿನಾಗಿನ ಕುಂಕುಮ ತಗದು ಸಾಲಲಾರ್ದಕ್ಕ ನನ್ನ ಹಣೀದೂ ತಗದ್ರ್ಯಾ? ಅಳಸ್ರಿ ಮದ್ಲ ಅದನ್ನ.” ಊಟದ ಡಬ್ಬಿ ಕುಕ್ಕಿ ಹೋದಳು. ಎರಡು ದಿನ ಮಾತಿಲ್ಲ. ನಾನು ಮಾತ್ರ ರೊಟ್ಟಿ ಮುರಿಯುತ್ತ ಒಬ್ಬನೇ ನಗುತ್ತಿದ್ದೆ. ಅಕ್ಕೋರ ಅವ್ವ ಸಿಗುತ್ತಾಳೆ ಎಂದು ಖಾತ್ರಿಯಾಗಿತ್ತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮಾವನ ಬಣ್ಣದ ಎಲೆಗಳು ನನ್ನ ಹತ್ತಿರ ಇದ್ದವು, ನೀರಿಗೆ ಅದ್ದಿದರೆ ಬಣ್ಣ ಬಿಡುವ ಕಾಗದದ ತುಂಡುಗಳು. ಅವನ ನೆನಪಿಗೆಂದು ಡಬ್ಬಿಯಲ್ಲಿಟ್ಟಿದ್ದೆ. ಒಂದು ರದ್ದಿ ಕಪ್ಪು-ಬಿಳುಪು ಫೋಟೋದ ಮೇಲೆ ಕೆಂಪು, ಹಳದಿ, ಅವನು ಪಾಪೆಗೆ ಬಳಸುತ್ತಿದ್ದ ಕಪ್ಪು, ಎಲ್ಲ ಹಚ್ಚಿ ಈ ಕ್ಯಾಮೆರಾದಲ್ಲಿ ನೋಡಿದೆ. ಒಂದೂ ಉಳಿಯಲಿಲ್ಲ. ನಾನು ಏನೂ ಹಚ್ಚೇ ಇಲ್ಲವೆಂಬ ಹಾಗೆ ಹಳೆ ಫೋಟೋ ನಿಚ್ಚಳವಾಗಿ ಕೂತಿತ್ತು. ಅಂದರೆ ಕುಂಕುಮದ ಜತೆಗೆ ಮಾವ ತೆರೆಸಿದ ಕಣ್ಣೂ ಹೋಗುತ್ತವೆ. ಅರವತ್ತು ವರ್ಷದಿಂದ ಅವ್ವನ ಮುಖಕ್ಕೆ ಹಂಬಲಿಸಿದ ಮಗಳಿಗೆ ನಾನು ತೋರಿಸುವುದು ಆಕೆಯ ಹೆಣವನ್ನು.

ಕೆಲವು ದಿನ ಫೋನು ಮಾಡಲೇ ಇಲ್ಲ. ಆಗಲಿಲ್ಲ ಅಂದುಬಿಡೋಣ ಎನ್ನಿಸಿತು. ಕಂಪ್ಯೂಟರಿನಲ್ಲಿ ಮಾವನಂಥದೇ ಕಣ್ಣು ಬರೆದು ಕೊಟ್ಟುಬಿಡೋಣ, ಯಾರಿಗೆ ತಿಳಿದೀತು ಎಂದೂ ಅನ್ನಿಸಿತು. ಆ ಕಣ್ಣು ಬರೆಯಲು ನನಗೆ ಬರುತ್ತದೆ. ಅಷ್ಟರಲ್ಲಿ ಅಕ್ಕೋರೇ ಫೋನು ಮಾಡಿದರು. “ಅತ್ತೀಗೆ ಜ್ವರಾ ಬಂದು ಬಿಟ್ಟೈತಿ. ಈಗ ಒಪ್ಪ್ಯಾಳ, ಆದ್ರ ಫೋಟೋ ಮನಿ ಹೊರಗ ಹೋಗಬಾರದಂತ. ನೀವ ಬರ್ತೀರೇನ್ರಿ?”

ಕುಂಕುಮ ಹೋಗಿ ಮುಖ ಬರುತ್ತದೆ ಎಂದಷ್ಟೇ ಹೇಳಿ ಹೊರಟೆ. ಎಲ್‌ಇಡಿ ದೀಪಗಳನ್ನು ಒಯ್ಯಲಿಲ್ಲ, ಅವುಗಳ ಬೆಳಕಿನಲ್ಲಿ ಅವಕೆಂಪು ಇಲ್ಲ; ಸ್ಟುಡಿಯೋದಲ್ಲಿ ಪ್ರಯತ್ನಿಸಿ ಕರ್ರಗಿನ ಫೋಟೋ ತೆಗೆದು ಪಾಠ ಕಲಿತಿದ್ದೆ. ವಿಡಿಯೋ ಕ್ಯಾಸೆಟ್ಟಿನ ಕಾಲದ ಹ್ಯಾಲೋಜನ್ ದೀಪವನ್ನು ಅಟ್ಟದಿಂದ ಇಳಿಸಿ ಗೋಣಿಯಲ್ಲಿ ಸುತ್ತಿಕೊಂಡೆ. ಮದುಮಕ್ಕಳ ಬೆವರಿಳಿಸುತ್ತಿದ್ದ ದೀಪ. ಬಸ್ಸು ದೇವರ ಹಿಪ್ಪರಗಿ ದಾಟಿ ಬಾಗೇವಾಡಿಗೆ ಬಂದಾಗ ಕಿಟಕಿಯಿಂದ ಮಾವನ ಅಂಗಡಿ ಹುಡುಕಿದೆ. ಈಗ ಅಲ್ಲಿ ಮೊಬೈಲ್ ಕವರು ತೂಗುಬಿಟ್ಟಿದ್ದಾರೆ. ಮೇಲಿನ ಗೋಡೆಯ ಗಿಲಾವಿನಲ್ಲಿ ಹಳೆಯ ಬೋರ್ಡಿನ ಮೊಳೆಗಳು ಹಾಗೇ ಇದ್ದವು. ಏನು ಮಾಡಲಿ ಮಾವಾ ಎಂದು ಮನಸ್ಸಿನಲ್ಲೇ ಕೇಳಿದೆ. ಮೊಳೆಗಳು ಏನು ಹೇಳಿಯಾವು.

ನಾಲತವಾಡದ ಮನೆ ಹಳೆಯ ಕಲ್ಲಿನದು. ಮೇಲೆ ಮಣ್ಣಿನ ಮಾಳಿಗೆ, ಪಡಸಾಲೆಯ ನಡುವೆ ಬೆಳಕು ಬರಲು ಬಿಟ್ಟ ಬೆಳಕಿಂಡಿ. ಗೋಡೆಗೊರಗಿ ಕಂಬಳಿಯ ಮೇಲೆ ಅತ್ತೆ ಕೂತಿದ್ದಳು. ಹಿಡಿಯಷ್ಟಿದ್ದ ಮುದುಕಿ, ಕಣ್ಣು ಮಾತ್ರ ಚುರುಕು, ಪೊರೆ ತೆಗೆಸಿದ್ದರಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಮಾವನ ಬ್ರಷ್ಷಿನಿಂದಲೇ ಕೆಲಸ ಶುರು ಮಾಡಿದೆ. ಕುಂಕುಮ ದಪ್ಪವಿದ್ದರೆ ಯಾವ ಬೆಳಕೂ ತೂರುವುದಿಲ್ಲ. ಸಡಿಲಾದದ್ದನ್ನು ಉದುರಿಸಿ, ಕಾಗದಕ್ಕೆ ಇಳಿದ ಕಲೆ ಮಾತ್ರ ಉಳಿಸಬೇಕು. ಉದುರಿದ್ದನ್ನು ಅಕ್ಕೋರು ತಾಟಿನಲ್ಲಿ ಹಿಡಿದರು. ಉಗುರಿನಷ್ಟೂ ಕೆರೆಯಲಿಲ್ಲ. ಆಮೇಲೆ ದೀಪ ಹಚ್ಚಿದೆ. ಟಪ್ಪೆಂದು ಬಲ್ಬು ಹೋಯಿತು. ಅದರ ಬಲ್ಬು ಈಗ ಎಲ್ಲಿ ಸಿಗಬೇಕು. ತಲೆ ಮೇಲೆ ಕೈ ಹೊತ್ತು ಕೂತೆ.

ಅತ್ತೆ ಮೊದಲ ಸಲ ಬಾಯಿ ಬಿಟ್ಟಳು. “ಬಿಸಲ ಬೇಕಾ ನಿನಗ? ತಡಿ. ಹೊತ್ತು ನೆತ್ತಿಗೆ ಬಂದ್ರ ಬೆಳಕಿಂಡ್ಯಾಗಿಂದ ಇಲ್ಲೇ ಬೀಳ್ತೈತಿ.”

ಬೆಳಕಿನ ಚೌಕ ಗೋಡೆ ಇಳಿದು ನೆಲಕ್ಕೆ ಬರಲು ಇನ್ನೂ ಹೊತ್ತಿತ್ತು. ಕಾಯುತ್ತ ಕೂತೆವು. ಅತ್ತೆ ಕೇಳಿದಳು:

“ಕುಂಕಮ ಹೋಗಿ ಮುಖ ಬರ್ತೈತಿ ಅಂದಿಯಂತಲ್ಲ. ಕಣ್ಣ ಬರ್ತಾವೇನು?”

ಆಕೆಯ ಮುಖದಲ್ಲಿ ಎಂಥದೋ ಆತುರವಿತ್ತು; ಬರಲೆಂದು ಆಸೆ ಪಡುತ್ತಿದ್ದಾಳೆ ಎಂದುಕೊಂಡೆ. ಸುಳ್ಳು ಹೇಳಲಾಗಲಿಲ್ಲ. “ಇಲ್ಲ ಆಯಿ. ಕಣ್ಣ ಬರಂಗಿಲ್ಲ.”

“ಹಂಗಾದ್ರ ತಗಿ,” ಎಂದು ಕಂಬಳಿ ಸರಿಮಾಡಿಕೊಂಡಳು.

ಅಕ್ಕೋರು ನನ್ನತ್ತ ತಿರುಗಿದರು. “ಯಾಕ ಬರಂಗಿಲ್ಲರಿ?”

ಒಂದು ಕಡೆ ಮಾವನ ಕರಾರು, ಇನ್ನೊಂದು ಕಡೆ ತಾಟಿನಲ್ಲಿ ಕುಂಕುಮ ಹಿಡಿದು ಕೂತ ಈ ಹೆಣ್ಣುಮಗಳು. ಈಗ ಏನಾದರೂ ನೆಪ ಹೇಳಿದರೆ, ಫೋಟೋ ಬಂದ ಮೇಲೆ ಅದೇ ಆಕೆಯನ್ನು ಇರಿಯುತ್ತದೆ. ಹೇಳುವುದಾದರೆ ಮೊದಲೇ ಹೇಳಬೇಕು. ಹೇಳಿದೆ. ಪಟ್ಟಿಯ ತುದಿ ತೋರಿಸಿದೆ, ಜೋಡಿಸಿಟ್ಟ ಕೈ ತೋರಿಸಿದೆ, ಮಾವ ಕಣ್ಣು ತೆರೆಸುತ್ತಿದ್ದ ಬಗೆ ಹೇಳಿದೆ. “ಮುಚ್ಚಿದ ಕಣ್ಣಿನ ಮುಖ ಬರ್ತೈತಿ ಅಕ್ಕೋರ. ಬ್ಯಾಡಂದ್ರ ಇಲ್ಲಿಗೇ ನಿಲ್ಲಸ್ತೇನಿ.”

ಅವರು ತಾಟು ಕೆಳಗಿಟ್ಟು ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳವೂ ಇಲ್ಲ. ಅತ್ತೆ ಬೆಳಕಿನ ಚೌಕವನ್ನೇ ನೋಡುತ್ತ ಕೂತಿದ್ದಳು. ಅದು ಜಗಲಿಯ ಬುಡಕ್ಕೆ ಬರುವ ಹೊತ್ತಿಗೆ ಅಕ್ಕೋರು ಮುಖ ತೊಳೆದು ಹೊರಗೆ ಬಂದರು.

“ತಗೀರಿ. ಇಷ್ಟ ದಿನ ಕುಂಕುಮಕ್ಕ ಅವ್ವಾ ಅಂದೇನಿ. ಹೆಂಗಿದ್ರೂ ಮುಖ ಅಲ್ಲೇನ್ರಿ.”

ಫೋಟೋವನ್ನು ಬಿಸಿಲಿನ ಚೌಕದಲ್ಲಿಟ್ಟು ಮೇಲಿಂದ ಕ್ಯಾಮೆರಾ ನಿಲ್ಲಿಸಿದೆ. ಮೊದಲು ರೀಲಿನ ತುದಿ ಕಟ್ಟಿ ತೆಗೆದೆ. ಕುಂಕುಮ ಮಂಜಿನ ಹಾಗೆ ತೆಳುವಾಗಿ ಮುಖದ ಆಕಾರ ಬಂತು, ಕಣ್ಣಿನ ಜಾಗದಲ್ಲಿ ತೆರೆದದ್ದೋ ಮುಚ್ಚಿದ್ದೋ ತಿಳಿಯದ ನೆರಳು. ಆಮೇಲೆ ಕೊರಿಯರಿನಲ್ಲಿ ಬಂದ ಕಪ್ಪು ಫಿಲ್ಟರು ಹಾಕಿದೆ. ಕೈಯಿಂದ ಫೋಕಸ್ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆಕೆ ಬಂದಳು.

ಇಪ್ಪತ್ತರ ಆಸುಪಾಸಿನ ಹುಡುಗಿ. ಉದ್ದ ಮೂಗು, ಮೂಗಿನ ಬದಿಗೆ ಒಂದು ಸಿಡುಬಿನ ಕಲೆ, ಕೆಳತುಟಿ ತುಸು ಮುಂದೆ. ರೆಪ್ಪೆ ಮುಚ್ಚಿತ್ತು. ಮಾವ ನೀರಾಗಿಸಿ ಎಳೆದ ಬಣ್ಣವೆಲ್ಲ ಹೋಗಿತ್ತು. ದಪ್ಪಗೆ ಇಟ್ಟ ಆ ಎರಡು ಬಿಳಿ ಚುಕ್ಕೆ ಮಾತ್ರ ಮುಚ್ಚಿದ ರೆಪ್ಪೆಗಳ ಮೇಲೆ ಜೋಳದ ನುಚ್ಚಿನಂತೆ ಉಳಿದಿದ್ದವು. ಅಕ್ಕೋರು ಪರದೆಯ ಹತ್ತಿರ ಬಗ್ಗಿ ಆ ಸಿಡುಬಿನ ಕಲೆಯನ್ನು ಬೆರಳಿಂದ ಮುಟ್ಟಿದರು. ಅಳಲಿಲ್ಲ. ನಾನೇ ಬೇರೆ ಕಡೆ ನೋಡಿದೆ.

“ಇಲ್ಲಿ ತಾ,” ಎಂದಳು ಅತ್ತೆ.

ಲ್ಯಾಪ್‌ಟಾಪನ್ನು ಆಕೆಯ ತೊಡೆಯ ಮೇಲಿಟ್ಟೆ. ಬಹಳ ಹೊತ್ತು ನೋಡಿದಳು.

“ಹೌದು. ಇಕೀನ. ಇಕೀನ ನಮ್ಮಾಕಿ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಆ ಫೋಟೋದಾಂವ ಬರದಿದ್ನಲ್ಲ, ಆ ಕಣ್ಣ ಇಕೀವಲ್ಲ ತಮ್ಮಾ. ಇಕೀವು ಸಣ್ಣ ಕಣ್ಣ. ನಗೂ ಮುಂದ ಮುಚ್ಚೇ ಹೋಗ್ತಿದ್ವು. ಫೋಟೋ ಕಟ್ಟಿಸಿ ತಂದ ದಿನ ನೋಡಿದೆ, ಯಾರೋ ಪರಕೀ ಹೆಂಗಸು ಇಕೀ ಮೈಯಾಗ ಬಂದು ಕುಂತಂಗ ಇತ್ತು. ಎಲ್ಲಾರೂ ಭೇಷ್ ಆಗ್ಯಾವ ಭೇಷ್ ಆಗ್ಯಾವ ಅಂದ್ರು. ನಾ ಏನನ್ಲಿ? ಈ ಕೂಸು ತೊಟ್ಟಲದಾಗ ಮಲಗಿ ಆ ಕಣ್ಣ ನೋಡಿ ನಗಾಕ ಹತ್ತಿತು. ನನ್ನ ಹೊಟ್ಟಿ ಉರೀತು. ಬ್ಯಾರೆದಾಕೀ ಕಣ್ಣ ನೋಡಿ ಅವ್ವಾ ಅಂತ ಬೆಳದೀತು ಅಂತ.”

ಅಕ್ಕೋರು ಮೆಲ್ಲಗೆ ಕೇಳಿದರು, “ಅದಕ್ಕ ಕುಂಕುಮ ಹಚ್ಚಿದ್ಯಾ ಅತ್ತಿ?”

“ಮತ್ತೇನ ಮಾಡ್ಲಿ? ದೇವರ ಮುಂದಿಂದು, ಹರಿಯಾಕ ಬರಂಗಿಲ್ಲ, ಸುಡಾಕ ಬರಂಗಿಲ್ಲ. ಕುಂಕಮ ಹಚ್ಚಿದ್ರ ಯಾರ ಏನಂತಾರ? ಭಕ್ತಿ ಅಂತಾರ.” ಸುಕ್ಕುಗಟ್ಟಿದ ಮುಖದಲ್ಲಿ ಕಳ್ಳನಗು ಬಂತು. “ಗಾಜೂ ಬೆಕ್ಕು ಕೆಡವಿಲ್ಲ. ನಾನ ಕೆಡವೇನಿ.”

ಮಾವನ ಕೈಗೆ ಆವರೆಗೆ ಯಾರೂ ಕುಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. “ಆಯಿ, ಅದನ್ನ ಬರದಾಂವ ನಮ್ಮ ಮಾವ. ಅವು ನಮ್ಮವ್ವನ ಕಣ್ಣ,” ಎಂದೆ. ಯಾಕೆ ಹೇಳಿದೆನೋ, ಬಾಯಿಗೆ ಬಂದುಬಿಟ್ಟಿತು.

ಮುದುಕಿ ನನ್ನ ಮುಖವನ್ನು ಈಗ ಮೊದಲ ಸಲ ನೋಡುವವಳಂತೆ ನೋಡಿದಳು. ಕೈ ಚಾಚಿ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

“ಹೌದಲ್ಲ. ನಿನ್ನವೂ ಅವಽ ಅದಾವ,” ಎಂದಳು. “ಛಲೋ ಕಣ್ಣ ಇದ್ವು ತಮ್ಮಾ. ಸಿಟ್ಟಾಗಬ್ಯಾಡ. ನಮ್ಮಾಕೀವಲ್ಲ, ಅಷ್ಟ.”

ಸಿಟ್ಟು ಬರಲಿಲ್ಲ. ಮಾವ ಇದ್ದಿದ್ದರೆ ಅವನಿಗೂ ಬರುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಆ ಎರಡು ಬಿಳಿ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಲೇ ಎಂದು ಕೇಳಿದೆ. ಅತ್ತೆ ತಲೆಯಾಡಿಸಿದಳು. “ಇರಲಿ. ಪಾಪ, ಆಂವಾ ಕಷ್ಟಪಟ್ಟಾನ.”

ಆಮೇಲೆ ಅಕ್ಕೋರತ್ತ ತಿರುಗಿ ಹೇಳಿದಳು, “ನೀ ಮಲಗಿದಾಗ ಹಿಂಗ ಕಾಣ್ತಿ. ಇದ ಮೂಗು, ಇದ ತುಟಿ. ಸಣ್ಣಾಕಿದ್ದಾಗಿಂದ ನೋಡಾಕತ್ತೇನಿ, ನಿನಗೇನ ಗೊತ್ತಿರ್ತೈತಿ. ನೀ ಮಲಗಿರ್ತಿ.”

ಈಗ ಅಕ್ಕೋರು ಅತ್ತರು. ಅತ್ತೆಯ ತೊಡೆಯ ಮೇಲೆ ಲ್ಯಾಪ್‌ಟಾಪಿನ ಪಕ್ಕ ತಲೆಯಿಟ್ಟು, ಅರವತ್ತರ ಹೆಣ್ಣುಮಗಳು ಸಣ್ಣ ಹುಡುಗಿಯ ಹಾಗೆ ಅತ್ತರು. ಅತ್ತು ಮುಗಿಸಿ, ಎದ್ದು, ಕೂದಲು ಸರಿಮಾಡಿಕೊಂಡು, ಬಿಸಿಲಿನ ಚೌಕ ಇನ್ನೂ ಇದ್ದಲ್ಲಿಗೆ ಬಂದು ಕೂತರು. ಕೈ ಎರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು.

“ಅಣ್ಣಾರ, ನಂದೂ ಒಂದು ತಗೀರಿ. ಹಂಗ. ಆ ಕ್ಯಾಮೆರಾದಾಗ.”

ನಲವತ್ತು ವರ್ಷದ ಕಸುಬು ನನ್ನದು. ಮದುವೆಯಲ್ಲಿ, ಸಾಲಿಯಲ್ಲಿ, ಆಧಾರ್ ಕಾರ್ಡಿನ ಸಾಲಿನಲ್ಲಿ ‘ಕಣ್ಣ ಮುಚ್ಚಬ್ಯಾಡ್ರಿ, ಕಣ್ಣ ಮುಚ್ಚಬ್ಯಾಡ್ರಿ’ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡವನು. ಕಣ್ಣು ಮುಚ್ಚಿ ಬಂದ ಫೋಟೋಗಳನ್ನು ಲೆಕ್ಕವಿಲ್ಲದಷ್ಟು ಎಸೆದವನು. ಕ್ಯಾಮೆರಾವನ್ನು ಅವರತ್ತ ತಿರುಗಿಸಿ, ಫೋಕಸ್ ಹಿಡಿದು, ಆ ದಿನ ಹೇಳಿದೆ:

“ಕಣ್ಣ ಮುಚ್ಚರಿ ಅಕ್ಕೋರ.”